ನವಜಾತ ಶಿಶುಗಳ ಕರುಳಿನ ಬ್ಯಾಕ್ಟೀರಿಯಾ: ಅಧ್ಯಯನದ ಇತಿಹಾಸ

ಹಸುಗೂಸಿನ ಕರುಳಿನಲ್ಲಿ ನೆಲೆಗೊಳ್ಳುವ ಬ್ಯಾಕ್ಟೀರಿಯಾಗಳ ಕ್ರಮಬದ್ಧ ಅಧ್ಯಯನಕ್ಕೆ ತಳಹದಿ ಹಾಕಿದವರು ಮ್ಯೂನಿಕ್‌ನ ಮಕ್ಕಳ ವೈದ್ಯ ಥಿಯೊಡೋರ್ ಎಶರಿಕ್. ಹುಟ್ಟಿದೊಡನೆ ಮಗು ಮಾಡುವ ಕಪ್ಪು ಮಲದಲ್ಲಿ ಕಾಣದ ಸೂಕ್ಷ್ಮಜೀವಿಗಳು ಕೆಲವೇ ಗಂಟೆಗಳಲ್ಲಿ ಕರುಳನ್ನು ಸೇರುತ್ತವೆ ಎಂದು 1885ರಲ್ಲಿ ಅವರು ತೋರಿಸಿದರು. ಆಗ ಅವರು ಬೇರ್ಪಡಿಸಿದ ಒಂದು ಬ್ಯಾಕ್ಟೀರಿಯಾ ಇಂದು ಅವರದೇ ಹೆಸರಿನಿಂದ, ಎಶರಿಕಿಯಾ ಕೋಲಿ (ಇ. ಕೋಲಿ) ಎಂದು ಪರಿಚಿತ.

ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಹೆನ್ರಿ ಟಿಸಿಯೆ 1899ರ ಸುಮಾರಿಗೆ, ಎದೆಹಾಲು ಕುಡಿಯುವ ಮಕ್ಕಳ ಮಲದಲ್ಲಿ ಕವಲೊಡೆದ ಬ್ಯಾಕ್ಟೀರಿಯಾವೊಂದನ್ನು ಗುರುತಿಸಿದರು. ಇದೇ ಬಿಫಿಡೊಬ್ಯಾಕ್ಟೀರಿಯಂ. ಭೇದಿಯಾಗುವ ಮಕ್ಕಳಿಗೆ ಇದನ್ನು ಕೊಡಬಹುದೆಂದೂ ಅವರು ಸೂಚಿಸಿದರು. ಎದೆಹಾಲಿಗೂ ಈ ಜೀವಿಗೂ ಇರುವ ನಂಟಿನ ಕಾರಣ ಸ್ಪಷ್ಟವಾಗಲು ಅರ್ಧ ಶತಮಾನ ಹಿಡಿಯಿತು. 1950ರ ದಶಕದಲ್ಲಿ ಪಾಲ್ ಗ್ಯೊರ್ಗಿ ಮತ್ತು ರಿಚರ್ಡ್ ಕುನ್ ಅವರ ತಂಡಗಳು, ಈ ಬ್ಯಾಕ್ಟೀರಿಯಾವನ್ನು ಬೆಳೆಸುವ ಸಕ್ಕರೆಯ ಸರಪಳಿಗಳನ್ನು ಎದೆಹಾಲಿನಲ್ಲಿ ಕಂಡವು. ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರ ಎದೆಹಾಲಿನ ಘನಾಂಶಗಳಲ್ಲಿ ಇವೇ ಹೆಚ್ಚು. ಆದರೆ ಮಗು ಇವನ್ನು ಅರಗಿಸಿಕೊಳ್ಳಲಾರದು. ತಾಯಿ ತನ್ನ ಕೂಸಿನ ಜೊತೆಗೆ ಅದರ ಕರುಳಿನ ಜೀವಿಗಳಿಗೂ ಉಣಿಸುತ್ತಾಳೆ ಎಂಬುದು ಈ ಇತಿಹಾಸದ ಅತ್ಯಂತ ಮಹತ್ವದ ತಿಳಿವು.

ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾವೇ ಇಲ್ಲದಂತೆ ಸಾಕಿದ ಇಲಿಗಳಲ್ಲಿ ಕರುಳಿನ ರೋಗನಿರೋಧಕ ಅಂಗಾಂಶ ಸರಿಯಾಗಿ ಬಲಿಯುವುದಿಲ್ಲ, ಐಜಿಎ ಪ್ರತಿಕಾಯಗಳೂ ಕಡಿಮೆ. ದೇಹದ ರಕ್ಷಣಾ ವ್ಯವಸ್ಥೆ ಪಳಗುವುದಕ್ಕೆ ಕರುಳಿನ ಬ್ಯಾಕ್ಟೀರಿಯಾಗಳ ಒಡನಾಟ ಬೇಕೆಂಬುದು ಇದರಿಂದ ತಿಳಿಯಿತು.

ತಿಂಗಳು ತುಂಬದೆ ಹುಟ್ಟಿದ ಮಕ್ಕಳಲ್ಲಿ ಇದೇ ಒಡನಾಟ ಅಪಾಯಕ್ಕೆ ತಿರುಗಬಹುದು. ಕರುಳಿನ ಗೋಡೆ ಕೊಳೆಯುವ ಮಾರಕ ಬೇನೆಯಾದ ನೆಕ್ರೋಟೈಸಿಂಗ್ ಎಂಟೆರೋಕೊಲೈಟಿಸ್ ಅವರನ್ನೇ ಹೆಚ್ಚಾಗಿ ಕಾಡುತ್ತದೆ. ಕೆಲವು ಬ್ಯಾಕ್ಟೀರಿಯಾಗಳ ಹೊರಕವಚವನ್ನು ಗುರುತಿಸುವ ಟಿಎಲ್‌ಆರ್4 ಎಂಬ ಗ್ರಾಹಕ ಇವರ ಕರುಳಿನಲ್ಲಿ ಅತಿಯಾಗಿರುವುದರಿಂದ ಉರಿಯೂತ ಕೈಮೀರುತ್ತದೆ. ಅಕಾಲದಲ್ಲಿ ಹುಟ್ಟಿದ 926 ಶಿಶುಗಳನ್ನು ಕುರಿತು ಬ್ರಿಟನ್ನಿನ ಲೂಕಸ್ ಮತ್ತು ಕೋಲ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದೆಹಾಲನ್ನಷ್ಟೇ ಕುಡಿದವರಿಗಿಂತ ಡಬ್ಬಿಹಾಲನ್ನಷ್ಟೇ ಕುಡಿದವರಲ್ಲಿ ಈ ಬೇನೆ 6ರಿಂದ 10 ಪಟ್ಟು ಹೆಚ್ಚಿತ್ತು.

ಭಾರತದ ಕೊಡುಗೆಯೂ ದೊಡ್ಡದು. ಪಿನಾಕಿ ಪಾಣಿಗ್ರಾಹಿ ಮತ್ತು ಸಹೋದ್ಯೋಗಿಗಳು ಒಡಿಶಾದ ಹಳ್ಳಿಗಳ 4,556 ನವಜಾತ ಶಿಶುಗಳ ಪ್ರಯೋಗವನ್ನು 2017ರಲ್ಲಿ ಪ್ರಕಟಿಸಿದರು. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಮತ್ತು ಅದಕ್ಕೆ ಆಹಾರವಾಗುವ ಸಕ್ಕರೆಯನ್ನು ಏಳು ದಿನ ಪಡೆದ ಶಿಶುಗಳಲ್ಲಿ ರಕ್ತದ ನಂಜು ಮತ್ತು ಸಾವು ಒಟ್ಟಾಗಿ ಶೇ. 40ರಷ್ಟು ಇಳಿದವು. ಅಗ್ಗದ ಈ ಉಪಾಯ ಬಡ ಹಳ್ಳಿಗಳಿಗೆ ನಿಜವಾದ ಭರವಸೆ. ಆದರೆ ಆ ಮಕ್ಕಳು ಹೆಚ್ಚುಕಡಿಮೆ ದಿನ ತುಂಬಿ ಹುಟ್ಟಿದ್ದವರು, 2 ಕಿಲೋಗಿಂತ ಕಡಿಮೆ ತೂಕದವರಲ್ಲ. ಬಿಫಿಡೊಬ್ಯಾಕ್ಟೀರಿಯಂನ ಒಂದು ಪ್ರಭೇದವಾದ ಬಿ. ಬ್ರೇವಿಯನ್ನು ತೀರಾ ಅಕಾಲ ಶಿಶುಗಳಿಗೆ ಕೊಟ್ಟ ಬ್ರಿಟನ್ನಿನ ಪ್ರಯೋಗ 2016ರಲ್ಲಿ ಯಾವ ಪ್ರಯೋಜನವನ್ನೂ ಕಾಣಲಿಲ್ಲ. ಇಂಥ ಉಪಕಾರಿ ಬ್ಯಾಕ್ಟೀರಿಯಾಗಳ ಮದ್ದನ್ನು, ಅಂದರೆ ಪ್ರೊಬಯಾಟಿಕ್ ಅನ್ನು, ಪಡೆದ ಅಕಾಲ ಶಿಶುವೊಂದು ಅದೇ ಬ್ಯಾಕ್ಟೀರಿಯಾದ ನಂಜಿನಿಂದ ತೀರಿಕೊಂಡ ಬಳಿಕ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಆಸ್ಪತ್ರೆಗಳಿಗೆ ಎಚ್ಚರಿಕೆ ನೀಡಿತು.