ಬೋಪು ದಿವಾನ: ದ್ರೋಹಿಯೋ, ರಕ್ಷಕನೋ?

1997ರ ರಷ್ಯನ್ ಸಿನಿಮಾ ‘ಬ್ರಾತ್’ನ ನಾಯಕ ಡನೀಲಾ ಕೊಲೆಗಾರ. ಆದರೂ ಜನ ಮೆಚ್ಚಿದರು. ಸೋವಿಯತ್ ಆಡಳಿತ ಕುಸಿದು ಕಾನೂನಿಗೆ ಬೆಲೆಯೇ ಇಲ್ಲದ ಕಾಲದ ಕಥೆ ಅದು.

ಆಡಳಿತ ಕುಸಿದಾಗ ಒಳ್ಳೆಯವ ಯಾರು, ಕೆಟ್ಟವ ಯಾರು? ನಮ್ಮ ಕೊಡಗಿನಲ್ಲಿ ಈ ಪ್ರಶ್ನೆ ದಿವಾನ ಅಪ್ಪಾರಂಡ ಬೋಪುವಿನ ಸುತ್ತ ಇದೆ.

ಚಿಕ್ಕವೀರರಾಜನ ಆಳ್ವಿಕೆಯಲ್ಲಿ ಬಂಧುಗಳಿಗೂ ಜೀವಭಯ. ಸ್ವಂತ ಸೋದರಿ ದೇವಮ್ಮಾಜಿಯೇ ಗಂಡನೊಡನೆ ಮೈಸೂರಿಗೆ ಓಡಿಹೋಗಿ ಬ್ರಿಟಿಷರ ಆಶ್ರಯ ಪಡೆದಳು. 1834ರ ಏಪ್ರಿಲ್‌ನಲ್ಲಿ ಕಂಪನಿ ಸೈನ್ಯ ನುಗ್ಗಿತು. ಕೆಲವೆಡೆ ನಮ್ಮವರು ಹೊಡೆದು ಹಿಮ್ಮೆಟ್ಟಿಸಿದರು. ಬೋಪು ಮಾತ್ರ ಕಂಪನಿಗೆ ಶರಣಾಗಿ, ಸೈನ್ಯವನ್ನು ಮಡಿಕೇರಿಗೆ ಕರೆತಂದ. ರಾಜನನ್ನು ಕಾಶಿಗೆ ಕಳಿಸಿದರು.

ಆಮೇಲೆ ಕಂಪನಿ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಬಿಡಿಸಿ ಕೆನರಾಕ್ಕೆ ಸೇರಿಸಿತು. ಬೆಳೆಯಲ್ಲಿ ಕಂದಾಯ ಕೊಡುತ್ತಿದ್ದ ರೈತರು ಈಗ ನಗದು ಹೊಂದಿಸಬೇಕಾಯಿತು. 1837ರಲ್ಲಿ ಅವರು ಹಾಲೇರಿ ಅರಸರ ಹೆಸರಿನಲ್ಲಿ ದಂಗೆ ಎದ್ದರು. ಬೋಪು ಕಂಪನಿಯ ಪರ ನಿಂತ. ದಂಗೆ ಮುರಿಯಿತು. ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಇಂದು ಅವರ ಪ್ರತಿಮೆ ಅದೇ ಊರಿನಲ್ಲಿದೆ.

1834ರ ಬೋಪು ಕ್ರೂರ ಅರಸನಿಂದ ನಾಡನ್ನು ಬಿಡಿಸಿದ ಎನ್ನಬಹುದು. 1837ರಲ್ಲೂ ಹಳೇ ಅರಸೊತ್ತಿಗೆ ಮರಳೀತೆಂಬ ಅಂಜಿಕೆ ಅವನಿಗೆ ಇದ್ದಿರಬಹುದು. ಆದರೆ ಆಗ ಎದುರಿಗಿದ್ದವರು ಅರಸರಲ್ಲ, ರೈತರು. ‘ದ್ರೋಹಿ’ ಎನ್ನುವವರು ಮೊದಲನೆಯ ವರ್ಷವನ್ನು ಮರೆಯುತ್ತಾರೆ, ‘ರಕ್ಷಕ’ ಎನ್ನುವವರು ಎರಡನೆಯದನ್ನು. ಬೋಪುವನ್ನು ಅಳೆಯಲು ಎರಡೂ ಬೇಕು.