ಒಬ್ಬರಿಗೆ ಮಾತ್ರ ಮುಪ್ಪು

1954ರಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಕಣ್ಣಪ್ಪ, ಅವನ ಹೆಂಡತಿ ಪಂಢರಿಬಾಯಿ. ಇಬ್ಬರೂ ಹೆಚ್ಚುಕಡಿಮೆ ಒಂದೇ ಪ್ರಾಯದವರು. 1986ರ ‘ಅನುರಾಗ ಅರಳಿತು’ ಚಿತ್ರದ ಹೊತ್ತಿಗೆ ಅದೇ ಪಂಢರಿಬಾಯಿ ಅದೇ ರಾಜಕುಮಾರರ ತಾಯಿ. ನಾಯಕಿಯರಲ್ಲಿ ಒಬ್ಬರಾದ ಮಾಧವಿ ನಾಯಕನಿಗಿಂತ ಮೂವತ್ತು ವರ್ಷಕ್ಕೂ ಹೆಚ್ಚು ಕಿರಿಯರು. ಇಬ್ಬರು ಹಿರಿಯ ಕಲಾವಿದರ ಅಭಿನಯದ ಬಗ್ಗೆ ನನ್ನದು ಎರಡು ಮಾತಿಲ್ಲ. ಆದರೆ ಆ ಮೂವತ್ತೆರಡು ವರ್ಷಗಳಲ್ಲಿ ಮುಪ್ಪು ಬಂದದ್ದು ಒಬ್ಬರಿಗೆ ಮಾತ್ರವೇ?

ಹಿಂದಿಯವರ ರೂಢಿಯೂ ಬೇರೆಯಲ್ಲ. 1957ರ ‘ಮದರ್ ಇಂಡಿಯಾ’ದಲ್ಲಿ ತಾಯಿ ನರ್ಗಿಸ್, ಮಗ ಸುನಿಲ್ ದತ್. ಇಬ್ಬರೂ ಹುಟ್ಟಿದ್ದು 1929ರ ಜೂನ್ ತಿಂಗಳಲ್ಲಿ, ಐದು ದಿನ ಹಿಂದೆ ಮುಂದೆ. ಮರುವರ್ಷವೇ ಅವರು ಮದುವೆಯಾದರು! 1982ರಲ್ಲಿ ‘ಬೇಮಿಸಾಲ್’ ಚಿತ್ರದಲ್ಲಿ ಅಮಿತಾಭ್ ಜೊತೆ ನಾಯಕಿಯಾಗಿದ್ದ ರಾಖಿ ಅದೇ ವರ್ಷ ‘ಶಕ್ತಿ’ಯಲ್ಲಿ ಅವರ ತಾಯಿಯಾದರು. ಅವರು ಅಮಿತಾಭ್‌ಗಿಂತ ಸುಮಾರು ಐದು ವರ್ಷ ಚಿಕ್ಕವರು.

ಜನ ಒಪ್ಪುವುದೇ ಹೀಗೆ ಎನ್ನುವುದು ಸಿನಿಮಾದವರ ವಾದ. ಜನ ಎಂದರೆ ನಾವೇ ತಾನೆ? ಹೆಣ್ಣು ಒಂದು ವರ್ಷ ದೊಡ್ಡವಳೆಂದು ತಿಳಿದರೆ ನಮ್ಮಲ್ಲಿ ಜಾತಕವೇ ವಾಪಸು ಹೋಗುತ್ತದೆ; ಗಂಡಿಗೆ ಹತ್ತು ವರ್ಷ ಹೆಚ್ಚಾದರೆ ‘ಪರವಾಗಿಲ್ಲ, ತಿಳಿವಳಿಕೆಯವನು’ ಎನ್ನುತ್ತೇವೆ. 1978ರ ತಿದ್ದುಪಡಿಯ ನಂತರ ಕಾನೂನು ಕೂಡ ಮದುವೆಗೆ ಗಂಡಿಗೆ 21, ಹೆಣ್ಣಿಗೆ 18 ಎಂದೇ ಹೇಳುತ್ತಿದೆ. ಮನೆಯ ಲೆಕ್ಕವನ್ನೇ ತೆರೆ ದೊಡ್ಡದು ಮಾಡಿ ತೋರಿಸಿತು, ಅಷ್ಟೆ. ಐವತ್ತು ದಾಟಿದ ಹೆಣ್ಣಿನ ಪ್ರೇಮದ ಕಥೆಯನ್ನೂ ನಾವು ಕೇಳಿದ್ದರೆ, ಪಂಢರಿಬಾಯಿಯಂಥ ಕಲಾವಿದೆಗೆ ತಾಯಿಯ ವೇಷವಲ್ಲದೆ ಇನ್ನೊಂದೂ ಸಿಗುತ್ತಿತ್ತೇನೋ.