ಎಚ್‌ಐವಿ ಜೊತೆ ಹೆಪಟೈಟಿಸ್ ಬಿ ಇದ್ದರೆ: ಚಿಕಿತ್ಸೆ ತಡವಾಗಬಾರದು, ನಿಲ್ಲಲೂಬಾರದು

ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಹರಡುವ ದಾರಿ ಬಹುಮಟ್ಟಿಗೆ ಒಂದೇ: ಸೋಂಕಿರುವ ರಕ್ತ, ಅಸುರಕ್ಷಿತ ಲೈಂಗಿಕ ಸಂಪರ್ಕ, ಒಬ್ಬರು ಬಳಸಿದ ಸೂಜಿ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ. ಹಾಗಾಗಿ ಒಬ್ಬರಲ್ಲೇ ಎರಡೂ ಸೋಂಕು ಇರುವುದು ಅಪರೂಪವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 27 ಲಕ್ಷ ಜನರಿಗೆ ಎರಡೂ ಇವೆ. ಇವರ ವಿಷಯದಲ್ಲಿ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಶುರುವಾಗಬೇಕು. ಶುರುವಾದ ಮೇಲೆ ನಿಲ್ಲಬಾರದು.

ಚಿಕಿತ್ಸೆ ಇಲ್ಲದಿದ್ದರೆ ಏನಾಗುತ್ತದೆ?

ಹೆಪಟೈಟಿಸ್ ಬಿ ವೈರಸ್ ಯಕೃತ್ತಿನಲ್ಲಿ, ಅಂದರೆ ಲಿವರ್‌ನಲ್ಲಿ ನೆಲೆಸುತ್ತದೆ. ವಯಸ್ಕರಲ್ಲಿ ಹೆಚ್ಚಿನವರ ದೇಹ ಅದನ್ನು ತಾನಾಗಿಯೇ ಹೊರಹಾಕುತ್ತದೆ. ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕುಗ್ಗಿದ್ದರೆ ಇದು ಕಷ್ಟವಾಗಿ, ಸೋಂಕು ಶಾಶ್ವತವಾಗಿ ಉಳಿಯುವ ಸಾಧ್ಯತೆ ಹೆಚ್ಚುತ್ತದೆ. ರಕ್ತದಲ್ಲಿ ವೈರಸ್ ಪ್ರಮಾಣ ಏರುತ್ತದೆ. ಲಿವರ್ ಗಟ್ಟಿಯಾಗಿ ಕುಗ್ಗುವ ಸಿರೋಸಿಸ್ ಬೇಗ ಬರುತ್ತದೆ, ಲಿವರ್ ಕ್ಯಾನ್ಸರ್ ಅಪಾಯವೂ ಹೆಚ್ಚುತ್ತದೆ.

ಇದೆಲ್ಲ ಸದ್ದಿಲ್ಲದೆ ನಡೆಯುತ್ತದೆ. ಹಲವರಿಗೆ ವರ್ಷಗಟ್ಟಲೆ ಯಾವ ತೊಂದರೆಯೂ ಕಾಣುವುದಿಲ್ಲ. ಲಿವರ್ ಪರೀಕ್ಷೆಯ ಎಎಲ್‌ಟಿ ಅಂಕಿ ಕೂಡ ಸಹಜವಾಗಿಯೇ ಇರಬಹುದು. ಆದ್ದರಿಂದ ‘ನನಗೇನೂ ಆಗಿಲ್ಲ’ ಎಂದು ಸುಮ್ಮನಿರಬೇಡಿ.

ಯಾವ ಪರೀಕ್ಷೆ ಬೇಕು?

ಎಚ್‌ಐವಿ ಇರುವ ಪ್ರತಿಯೊಬ್ಬರೂ ಎಚ್‌ಬಿಎಸ್‌ಎಜಿ ಎಂಬ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಹೆಪಟೈಟಿಸ್ ಬಿ ಇರುವವರು ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಎರಡೂ ಇದ್ದರೆ ವೈದ್ಯರು ಸಿಡಿ4, ಎಎಲ್‌ಟಿ, ಕಿಡ್ನಿಗೆ ಸಂಬಂಧಿಸಿದ ಕ್ರಿಯಾಟಿನಿನ್ ಮತ್ತು ಹೊಟ್ಟೆಯ ಸ್ಕ್ಯಾನಿಂಗ್ ಬರೆದುಕೊಡುತ್ತಾರೆ. ನೆನಪಿಡಿ, ಎಚ್‌ಐವಿ ವೈರಲ್ ಲೋಡ್ ಬೇರೆ, ಹೆಪಟೈಟಿಸ್ ಬಿ ವೈರಲ್ ಲೋಡ್ ಬೇರೆ. ಒಂದು ಕಡಿಮೆ ಇದೆ ಎಂದರೆ ಇನ್ನೊಂದೂ ಕಡಿಮೆ ಇದೆ ಎಂದಲ್ಲ.

ಎರಡಕ್ಕೂ ಕೆಲಸ ಮಾಡುವ ಔಷಧಿ

ಟೆನೋಫೋವಿರ್ ಮತ್ತು ಲ್ಯಾಮಿವುಡಿನ್ ಎರಡೂ ವೈರಸ್‌ಗಳ ಮೇಲೆ ಕೆಲಸ ಮಾಡುತ್ತವೆ. ಇವೆರಡರ ಜೊತೆ ಡೊಲುಟೆಗ್ರಾವಿರ್ ಸೇರಿದ ಮಾತ್ರೆಯೇ ಟಿಎಲ್‌ಡಿ. ದಿನಕ್ಕೆ ಒಂದು ಮಾತ್ರೆ. ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಇದು ಉಚಿತ. ಭಾರತದಲ್ಲಿ 2017ರಿಂದ ಸಿಡಿ4 ಎಷ್ಟೇ ಇದ್ದರೂ ಎಚ್‌ಐವಿ ಚಿಕಿತ್ಸೆ ಶುರುಮಾಡಲಾಗುತ್ತದೆ. ಆದ್ದರಿಂದ ‘ಸಿಡಿ4 ಇಳಿಯಲಿ, ಆಮೇಲೆ ನೋಡೋಣ’ ಎಂದು ಕಾಯಬೇಕಿಲ್ಲ. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ. ವೈದ್ಯರು ಔಷಧಿ ಬದಲಿಸಬಹುದು.

ಹೆಪಟೈಟಿಸ್ ಬಿಗೆ ಮಾತ್ರ ಔಷಧಿ ಕೊಟ್ಟರೆ ಅಪಾಯವಿದೆ. ಎಂಟೆಕಾವಿರ್ ಅಥವಾ ಟೆನೋಫೋವಿರ್ ಅನ್ನು ಒಂಟಿಯಾಗಿ ತೆಗೆದುಕೊಂಡರೆ ಎಚ್‌ಐವಿ ಆ ಔಷಧಿಗೆ ಬಗ್ಗದಂತಾಗಬಹುದು. ಮುಂದೆ ಎಚ್‌ಐವಿ ಚಿಕಿತ್ಸೆಯೇ ಕಷ್ಟವಾಗುತ್ತದೆ. ಹಾಗೆಯೇ ಹೆಪಟೈಟಿಸ್ ಬಿ ಮೇಲೆ ಲ್ಯಾಮಿವುಡಿನ್ ಒಂದೇ ಸಾಲದು. ಕೆಲವು ವರ್ಷಗಳಲ್ಲಿ ಅದರ ಪರಿಣಾಮ ಹೋಗುತ್ತದೆ. ಲಿವರ್ ಡಾಕ್ಟರ್ ಬಳಿ ಹೋದಾಗ ಎಚ್‌ಐವಿ ಇರುವುದನ್ನು ಮುಚ್ಚಿಡಬೇಡಿ. ಎಚ್‌ಐವಿ ಮಾಹಿತಿಯನ್ನು ಗೋಪ್ಯವಾಗಿಡಬೇಕೆಂದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಹೇಳುತ್ತದೆ.

ಮಾತ್ರೆ ನಿಲ್ಲಿಸಿದರೆ?

ಟೆನೋಫೋವಿರ್ ನಿಲ್ಲಿಸಿದಾಗ ಅಡಗಿದ್ದ ಹೆಪಟೈಟಿಸ್ ಬಿ ಏಕಾಏಕಿ ಕೆರಳಬಹುದು. ಸಿರೋಸಿಸ್ ಇರುವವರಿಗೆ ಇದು ಪ್ರಾಣಾಪಾಯ. ಎಚ್‌ಐವಿ ಔಷಧಿ ಬದಲಿಸಬೇಕಾಗಿ ಬಂದಾಗಲೂ ‘ಹೊಸದರಲ್ಲಿ ಹೆಪಟೈಟಿಸ್ ಬಿಗೂ ಔಷಧಿ ಇದೆಯೇ?’ ಎಂದು ಕೇಳಿ. ಊರಿಗೆ ಹೋಗುವಾಗ, ಕೆಲಸಕ್ಕೆ ಮುಂಬೈ, ಹೈದರಾಬಾದ್‌ನಂಥ ಬೇರೆ ನಗರಕ್ಕೆ ಬರುವಾಗ ಮಾತ್ರೆ ಮುಗಿಯುವ ಮೊದಲೇ ನಿಮ್ಮ ಎಆರ್‌ಟಿ ಕೇಂದ್ರಕ್ಕೆ ತಿಳಿಸಿ. ಹೊಸ ಊರಿನ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಬಹುದು. ಮಾಹಿತಿಗೆ ಉಚಿತ ಸಹಾಯವಾಣಿ 1097.

ಚಿಕಿತ್ಸೆ ಶುರುವಾದ ಮೊದಲ ಕೆಲವು ತಿಂಗಳಲ್ಲಿ, ರೋಗನಿರೋಧಕ ಶಕ್ತಿ ಚೇತರಿಸಿಕೊಳ್ಳುವಾಗ, ಎಎಲ್‌ಟಿ ಏರುವುದುಂಟು. ಹೆದರಿ ಮಾತ್ರೆ ಬಿಡಬೇಡಿ, ವೈದ್ಯರನ್ನು ಕಾಣಿ.

ಮನೆಯವರು ಗಮನಿಸಬೇಕಾದ್ದು

• ಗಂಡ ಅಥವಾ ಹೆಂಡತಿ, ಮಕ್ಕಳು ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಿ. ಸೋಂಕು ಇಲ್ಲದಿದ್ದರೆ, ಮೊದಲೇ ಲಸಿಕೆ ಪಡೆದಿರದವರು ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಲಿ. ಸಾಮಾನ್ಯವಾಗಿ 3 ಡೋಸ್: ಮೊದಲನೆಯದು, 1 ತಿಂಗಳಿಗೆ, 6 ತಿಂಗಳಿಗೆ.
• ಗರ್ಭಿಣಿಗೆ ಸೋಂಕಿದ್ದರೆ, ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಮೊದಲ ಲಸಿಕೆ ಆಗಲೇಬೇಕು. ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದಿನ ಬಗ್ಗೆಯೂ ಕೇಳಿ.
• ರೇಜರ್, ಟೂತ್‌ಬ್ರಶ್, ನೈಲ್ ಕಟ್ಟರ್ ಹಂಚಿಕೊಳ್ಳಬೇಡಿ. ಈ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಬಲ್ಲದು.
• ಒಟ್ಟಿಗೆ ಉಣ್ಣುವುದರಿಂದ, ಅಪ್ಪಿಕೊಳ್ಳುವುದರಿಂದ ಸೋಂಕು ಹರಡುವುದಿಲ್ಲ. ತಟ್ಟೆ, ಲೋಟ ಬೇರೆ ಇಡಬೇಕಿಲ್ಲ.
• ಮದ್ಯ ಬೇಡ. ಕಾಮಾಲೆಗೆಂದು ನಾಟಿ ಔಷಧಿ ಕೊಡುವ ಮೊದಲು ವೈದ್ಯರನ್ನು ಕೇಳಿ. ಅದಕ್ಕಾಗಿ ಎಆರ್‌ಟಿ ಮಾತ್ರೆ ನಿಲ್ಲಿಸಬೇಡಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣವಾಗುವುದು, ಹೊಟ್ಟೆ ಉಬ್ಬುವುದು, ರಕ್ತವಾಂತಿ, ಕಪ್ಪು ಮಲ, ಮಾತು ತಡವರಿಸಿ ಮಂಕಾಗುವುದು.

ಹೆಪಟೈಟಿಸ್ ಬಿಯನ್ನು ದೇಹದಿಂದ ಪೂರ್ತಿ ತೆಗೆದುಹಾಕುವ ಔಷಧಿ ಇನ್ನೂ ಬಂದಿಲ್ಲ. ಆದರೆ ದಿನವೂ ತಪ್ಪದೆ ಮಾತ್ರೆ ನುಂಗಿದರೆ ಎರಡೂ ವೈರಸ್‌ಗಳನ್ನು ಹದ್ದುಬಸ್ತಿನಲ್ಲಿಟ್ಟು, ಲಿವರ್ ಉಳಿಸಿಕೊಂಡು ದೀರ್ಘಕಾಲ ಬಾಳಬಹುದು. ಮುಂದಿನ ಬಾರಿ ಎಆರ್‌ಟಿ ಕೇಂದ್ರಕ್ಕೆ ಹೋದಾಗ ‘ನನ್ನ ಎಚ್‌ಬಿಎಸ್‌ಎಜಿ ಪರೀಕ್ಷೆ ಆಗಿದೆಯೇ?’ ಎಂದು ಕೇಳಿ.